ಚನ್ನವ್ವನ ಹಾಡು, ಮಲ್ಲೇಶನ ಸುರುಳಿ

ಮಲ್ಲೇಶ: ಸುರುಳಿ ಕ್ಯೂ ಮುನ್ನೂರಾ ಮೂವತ್ತು ಐತಿ. ಲೆಕ್ಕಾ ಹಾಕೇನಿ.

ಸ್ನೇಹಲ: ಹೌದ್ರಿ, ಅದಕ್ಕ ಕನ್ನಡ ವಾರ್ತಾದಾಗ ಯಾರೋ ಮರಾಠಿ ಭಜನಿ ಹೇಳಾಕತ್ತಾರ.

ಮಹಾರಾಷ್ಟ್ರದ ಗಡಿಗಿರುವ ಅಂಕಲಿಯ ಮಲ್ಲೇಶನಿಗೆ ಕಬ್ಬು ಬೆಳೆಯುವುದರ ಜೊತೆಗೆ ಪಂಪಿನ ಮೋಟರಿಗೆ ತಂತಿ ಸುತ್ತುವ ಹುಚ್ಚು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದ ಹೆಂಡತಿ ಸ್ನೇಹಲಳಿಗೆ ಅವನ ತಪ್ಪು ಹಿಡಿಯುವ ಹುಚ್ಚು. ಇಬ್ಬರ ನಡುವೆ ಮಲ್ಲೇಶನ ಅಪ್ಪನ ಕಾಲದ ರೇಡಿಯೋ ಹೊಟ್ಟೆ ಬಿಚ್ಚಿಕೊಂಡು ಬಿದ್ದಿತ್ತು. ಇಲಿ ಕಡಿದ ಸುರುಳಿಯನ್ನು ಮಲ್ಲೇಶ ಹೊಸದಾಗಿ ಸುತ್ತಿದ್ದ. ಸುರುಳಿಯ ಕ್ಯೂ ಹೆಚ್ಚಿದ್ದಷ್ಟೂ ರೇಡಿಯೋ ಒಂದು ಸ್ಟೇಶನ್ನನ್ನು ಇನ್ನೊಂದರಿಂದ ಸ್ವಚ್ಛವಾಗಿ ಬೇರೆ ಮಾಡುತ್ತದೆ. ಅವನ ತಾಯಿ ಚನ್ನವ್ವ ಹಾಡಿದ ಬೀಸುವ ಹಾಡು ಇವತ್ತು ನಾಲ್ಕಕ್ಕೆ ಕನ್ನಡ ಸ್ಟೇಶನ್‌ನಲ್ಲಿ ಒಮ್ಮೆ ಮಾತ್ರ ಬರುವುದಿತ್ತು. ಮೊಬೈಲಿನಲ್ಲಿ ಕೇಳೋಣವೆಂದರೆ ಮುದುಕಿ ಒಪ್ಪಲಿಲ್ಲ. ಗಂಡನ ರೇಡಿಯೋದಲ್ಲೇ ಕೇಳುತ್ತೇನೆಂದು ಹೊಸ ಸೀರೆ ಉಟ್ಟು ಕುಳಿತಿದ್ದಳು.

ಸ್ನೇಹಲ: ಹೆಂಗ ಹಾಕಿದ್ರಿ ಲೆಕ್ಕಾ?

ಮಲ್ಲೇಶ: ಸುರುಳಿ ಕೂಡಿಡೂ ಶಕ್ತಿನ ಪೋಲು ಮಾಡೂದರಿಂದ ಭಾಗಿಸೇನಿ. ಮೀಟರ್ ಹಚ್ಚಿದ್ರ ತಂತಿ ತಡಿಯೂದು ನಾಕ ಓಮ್.

ಸ್ನೇಹಲ: ಅದು ಬ್ಯಾಟರಿ ಕರೆಂಟಿಗೆ. ರೇಡಿಯೋ ಕರೆಂಟು ತಂತಿ ಮೈಮ್ಯಾಲಷ್ಟ ಹರಿತೈತಿ, ತಡಿಯೂದು ಹೆಚ್ಚಾಗತೈತಿ. ಆ ಪೋಲು ಯಾರ ಲೆಕ್ಕಕ್ಕ ಬರೀಲಿ, ನಮ್ಮಪ್ಪನ ಲೆಕ್ಕಕ್ಕ?

ಮಲ್ಲೇಶ: ಹಂಗಿದ್ರೂ ಕ್ಯೂ ನೂರರೆ ಉಳಿಬೇಕಲ್ಲ.

ಸ್ನೇಹಲ: ಉಳಿದಿದ್ರ ಎರಡು ಸ್ಟೇಶನ್ ಬ್ಯಾರೆ ಮಾಡತಿತ್ತು. ಈಗ ನಿಪ್ಪಾಣಿ ಬಸ್ ಸ್ಟ್ಯಾಂಡ್ ಆಗೇತಿ, ಕನ್ನಡ ಮರಾಠಿ ಎಲ್ಲಾ ಕಲಬೆರಕಿ.

ಅವಳು ಟಾರ್ಚ್ ಹಿಡಿದು ಇಣುಕಿದಳು. ಸುರುಳಿ ಸುತ್ತಿದ ಕಪ್ಪು ಕೋಲಿನ ತುದಿಗೆ ಭಂಡಾರದ ಅರಿಶಿನ ಹಚ್ಚಿದ ತಾಮ್ರದ ಉಂಗುರ. ಮತ್ತೆ ಇಲಿ ಹೊಗದಿರಲೆಂದು ಚಿಂಚಲಿ ಮಾಯಕ್ಕ ದೇವಿಯ ಗುಡಿಯ ಉಂಗುರವನ್ನು ತಾನೇ ಹಾಕಿದ್ದಾಗಿ ಚನ್ನವ್ವ ಹೆಮ್ಮೆಯಿಂದ ಹೇಳಿದಳು.

ಸ್ನೇಹಲ: ಅತ್ತಿ, ಸುರುಳಿ ಕೂಡಿಟ್ಟಿದ್ದನ್ನೆಲ್ಲಾ ಈ ಉಂಗುರನ ತಿನ್ನಾಕತ್ತೈತ್ರಿ.

ಮಲ್ಲೇಶ: ಅಂದ್ರ ನನ್ನ ಲೆಕ್ಕಾ ಸರಿ ಇತ್ತು.

ಸ್ನೇಹಲ: ಇರಲಿಲ್ರಿ. ಅದಕ್ಕಿಂತ ದೊಡ್ಡ ತಪ್ಪು ಸಿಕ್ಕಿತು, ಅಷ್ಟ.

ಉಂಗುರ ತೆಗೆದ ಕೂಡಲೇ ಭಜನೆ ಮಾಯವಾಗಿ ಕನ್ನಡ ಸ್ವಚ್ಛವಾಗಿ ಕೇಳಿಸಿತು. ನಾಲ್ಕಾಯಿತು. ಚನ್ನವ್ವ ಕಣ್ಣು ಮುಚ್ಚಿದಳು. ಬೀಸುವ ಕಲ್ಲಿನ ಲಯದಲ್ಲಿ ಒಂದು ಸಾಲು ಕನ್ನಡ ಬಂತು. ಮುಂದಿನ ಸಾಲು ಅಪ್ಪಟ ಮರಾಠಿ. ಮಲ್ಲೇಶ ತಟ್ಟನೆ ರೇಡಿಯೋ ಬಂದ್ ಮಾಡಿ ಕಾದ ಸೋಲ್ಡರಿಂಗ್ ಕಡ್ಡಿ ಎತ್ತಿಕೊಂಡ.

ಮಲ್ಲೇಶ: ಮತ್ತ ಮರಾಠಿ ಹೊಕ್ಕಿತು ನೋಡು. ಕ್ಯೂ ಬಿತ್ತು.

ಸ್ನೇಹಲ: ನಾ ಅಂದಿದ್ನಿಲ್ಲ? ಮೈಮ್ಯಾಲಿನ ಪೋಲು. ಬಿಚ್ಚರಿ, ದಪ್ಪ ತಂತಿ ಸುತ್ತೂಣು.

ಮದುವೆಯಾದಾಗಿನಿಂದ ಇಬ್ಬರೂ ಒಂದೇ ಮಾತಿಗೆ ಬಂದದ್ದು ಇದೇ ಮೊದಲು. ಮುದುಕಿ ಕಣ್ಣು ತೆರೆಯುವಷ್ಟರಲ್ಲಿ ಸುರುಳಿ ಮಗನ ಕೈಯಲ್ಲಿತ್ತು.

ಚನ್ನವ್ವ: ನನ್ನ ದನಿ ಗುರುತ ಹತ್ತಲಿಲ್ಲೇನೋ? ನಮ್ಮ ಆಯಿ, ಅಪ್ಪನ ತಾಯಿ, ರಾಯಬಾಗದ ಕನ್ನಡದಾಕಿ, ಅವ್ವ ಮಿರಜಿನ ಮರಾಠಿಯಾಕಿ. ಒಂದ ಕಲ್ಲಿಗಿ ಕುಂತು ಬೀಸೂವಾಗ ಒಂದು ಸಾಲು ಆಯಿದು, ಒಂದು ಸಾಲು ಅವ್ವಂದು. ಹಾಡು ಇರೂದ ಹಂಗ.

ಒಮ್ಮೆ ಮಾತ್ರ ಬರುವ ಹಾಡು ಅಷ್ಟರಲ್ಲಿ ಮುಗಿದುಹೋಗಿತ್ತು. ಚನ್ನವ್ವನ ಕಣ್ಣು ತುಂಬಿತ್ತು.

ಚನ್ನವ್ವ: ಹಾಕ್ರಿ ಈಗ ಲೆಕ್ಕಾ, ಪೋಲಾಗಿದ್ದು ಎಷ್ಟಂತ.