ಅಟ್ಟಕ್ಕೊಂದು ಉಯ್ಯಾಲೆ

ಒಂದು ಜಾಗವನ್ನು ಅಂದಗೊಳಿಸುವುದರಲ್ಲಿ ನನ್ನನ್ನು ಮೀರಿಸುವವರು ಕಾಸರಗೋಡು ಪೇಟೆಯಲ್ಲಿ ಇಲ್ಲ ಎಂಬ ವಿಷಯ ನನಗೆ ಬಹಳ ಹಿಂದೆಯೇ ಗೊತ್ತಿತ್ತು. ಉಳಿದವರಿಗೆ ತಿಳಿಸಲು ಒಂದು ಅವಕಾಶ ಬೇಕಿತ್ತು, ಅಷ್ಟೆ.

ನಾನು ಮದುವೆಯ ಕಾಗದಗಳ ವಿನ್ಯಾಸ ಮಾಡುವವಳು. ಈ ಮಹತ್ಕಾರ್ಯ ಮೂರು ವರ್ಷ ನಡೆದದ್ದು ನಮ್ಮ ಊಟದ ಮೇಜಿನ ಮೇಲೆ. ಒಮ್ಮೆ ಒಬ್ಬ ಮದುಮಗನ ಹೆಸರಿನ ಮೇಲೆ ಬಸಳೆ ಸಾಂಬಾರು ಚೆಲ್ಲಿತು. ಅಂದೇ ನನ್ನ ಕಣ್ಣು ಅಟ್ಟದ ಮೇಲೆ ಬಿತ್ತು. ನಮ್ಮದು ಪೇಟೆಯ ಹಳೆಯ ಕಟ್ಟಡವೊಂದರ ಮೇಲಿನ ಮಹಡಿ. ಹಂಚಿನ ಮಾಡು, ಅದರ ಕೆಳಗೆ ಹಲಗೆ ಹಾಸಿದ ದೊಡ್ಡ ಅಟ್ಟ, ಹತ್ತುವುದಕ್ಕೆ ಕಡಿದಾದ ಮರದ ಏಣಿ. ಫೋನಿನಲ್ಲಿ ಇಂಥದ್ದಕ್ಕೆ 'ಲಾಫ್ಟ್ ಸ್ಟುಡಿಯೋ' ಎನ್ನುತ್ತಾರೆ. ನಮ್ಮದರಲ್ಲಿ ಒಡೆದ ಬಕೆಟು, ಹರಿದ ಚಾಪೆ ಮತ್ತು ಒಂದು ಬೆಕ್ಕು ಇದ್ದವು.

ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನನ್ನ ಗಂಡ ಮಹೇಶ ಷರತ್ತು ಹಾಕದೆ ಯಾವುದಕ್ಕೂ ಒಪ್ಪುವವರಲ್ಲ.

"ಮೂರು ತಿಂಗಳು ನೋಡುವ. ಅಷ್ಟರೊಳಗೆ ಒಂದು ದೊಡ್ಡ ಕೆಲಸ ಬರ್ಲಿಲ್ಲ ಅಂದ್ರೆ ನೀನು ವಾಪಸ್ ಊಟದ ಮೇಜಿಗೆ. ಅಟ್ಟದಲ್ಲಿ ನಾನು ಟ್ಯೂಷನ್ ಕೊಡ್ತೇನೆ."

"ಒಂದೆಂತಕ್ಕೆ? ಹತ್ತು ತರ್ತೇನೆ!" ಎಂದೆ ನಾನು.

ಎರಡೂವರೆ ತಿಂಗಳಲ್ಲಿ ಬಂದದ್ದು ಒಂದು ನಾಮಕರಣದ ಕಾಗದ. ಅದೂ ನನ್ನ ತಂಗಿಯ ಮಗುವಿನದು! ಇನ್ನೇನು ಅಟ್ಟ ಕೈತಪ್ಪಿತು ಎನ್ನುವಾಗ ನೆಕ್ರಾಜೆಯಿಂದ ವನಜಕ್ಕ ಫೋನ್ ಮಾಡಿದರು. ಅವರ ಮಗಳ ಮದುವೆ. ಕಾಗದ, ಮಂಟಪದ ಅಲಂಕಾರ, ಉಡುಗೊರೆಯ ಚೀಲ, ಎಲ್ಲ ಒಬ್ಬರ ಕೈಯಲ್ಲೇ ಆಗಬೇಕಂತೆ.

"ಭಾನುವಾರ ಹನ್ನೊಂದಕ್ಕೆ ನಮ್ಮ ಮಾವನನ್ನು ಕರ್ಕೊಂಡು ಬರ್ತೇನೆ. ನಿಮ್ಮ ಆಫೀಸ್ ಹೇಗುಂಟು ಅಂತ ಅವರು ನೋಡ್ಬೇಕಂತೆ. ಅವರು ಹೂಂ ಅಂದ್ರೆ ಆಯ್ತು."

ಅವರ ಮನೆತನದಲ್ಲಿ, ವನಜಕ್ಕನ ತಾಯಿಯ ಅಣ್ಣನಾದ ಈ ದೂಮಣ್ಣ ಮಾವ ಹೂಂ ಅನ್ನದೆ ಎಲೆಗೆ ಉಪ್ಪೂ ಬೀಳುವುದಿಲ್ಲ ಎಂದು ಕೇಳಿದ್ದೆ. ಅಂದರೆ ನನ್ನ ಅಟ್ಟದ ಭವಿಷ್ಯ ಆ ಒಂದು ಹೂಂಕಾರದಲ್ಲಿತ್ತು. ಕೈಯಲ್ಲಿದ್ದದ್ದು ಐದು ದಿನ.

ಮೊದಲ ದಿನವೇ ನಾಯ್ಮಾರ್ಮೂಲೆಯ ಗುಜರಿ ಅಂಗಡಿಯಲ್ಲಿ ನನಗೆ ರತ್ನ ಸಿಕ್ಕಿತು. ದಪ್ಪ ಮರದ ಚೌಕ ಹಲಗೆ, ನಾಲ್ಕು ಮೂಲೆಗೂ ಸರಪಳಿ. "ಹಳೇ ಕಾಲದ್ದು ಅಕ್ಕಾ" ಎಂದ ಅಂಗಡಿಯವ. ಅಷ್ಟು ಸಾಕಿತ್ತು! ನಾನೇ ಅದನ್ನು ಹಳೆಯ ಬಂಗಲೆಯೊಂದರ ಉಯ್ಯಾಲೆ ಎಂದು ತೀರ್ಮಾನಿಸಿದೆ.

ತೊಲೆಗೆ ತೂಗಿಸಲು ಬಂದ ಬಾಬು ಆಚಾರಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

"ಅಕ್ಕ, ಇದರ ಅಡಿಯಲ್ಲಿ ಎಂತದೋ ಬಡಿದಿದ್ದಾರೆ. ಭಾರ ಉಂಟು."

"ಅದು ಹಿಂದಿನವರ ತಂತ್ರಜ್ಞಾನ. ನೀನು ತೂಗಿಸು."

ಆತ ತೂಗಿಸಿ ಹೋದ. ಕುಳಿತು ನೋಡಿದೆ. ಹಲಗೆ ಬಹಳ ಕಿರಿದಾಗಿತ್ತು. ನಾನು ಅರ್ಧ ಕುಳಿತಿದ್ದೆ, ಉಳಿದರ್ಧ ಗಾಳಿಯಲ್ಲಿತ್ತು. ಸರಿ, ಇದು ಕೂರಲಿಕ್ಕಲ್ಲ, ನೋಡಲಿಕ್ಕೆ ಎಂದುಕೊಂಡು ಸರಪಳಿಗಳಿಗೆ ನಾಲ್ಕು ಹಿತ್ತಾಳೆಯ ಗಂಟೆ ಕಟ್ಟಿದೆ. ಒಂದಿಷ್ಟು ಸದ್ದಾದರೂ ಬರಲಿ!

ಎರಡನೆಯ ದಿನ ಗೋಡೆಗೆ ಬಣ್ಣ. ಡಬ್ಬಿಯ ಮುಚ್ಚಳದಲ್ಲಿ ಅದು ಮೆಲುವಾದ ಇಟ್ಟಿಗೆಯ ಬಣ್ಣ. ಗೋಡೆಯ ಮೇಲೆ ಒಣಗಿದಾಗ ಕಡುಗೆಂಪು! ಬಳಿಯುವ ಭರದಲ್ಲಿ ಅರ್ಧ ಡಬ್ಬಿ ಉಯ್ಯಾಲೆಯ ಮೇಲೂ ಚೆಲ್ಲಿತ್ತು. ಒರೆಸಿದಷ್ಟೂ ಹರಡಿತು. ಕೊನೆಗೆ ನನ್ನ ಕೆಂಪು ರೇಷ್ಮೆ ಸೀರೆಯೊಂದನ್ನು ಮಡಚಿ ಹಲಗೆಗೆ ಹೊದೆಸಿದೆ. ಗೋಡೆಯ ಉರಿಗೆಂಪು ಕಣ್ಣಿಗೆ ಹೊಡೆಯುತ್ತಿತ್ತಲ್ಲ, ಅದನ್ನು ತಗ್ಗಿಸಲು ಶನಿವಾರ ಎಳೆಯ ತೆಂಗಿನ ಗರಿಗಳನ್ನು ತರಿಸಿ, ಸೀಳಿ, ಉಯ್ಯಾಲೆಯ ಸುತ್ತ ಇಳಿಬಿಟ್ಟೆ. ನೈಸರ್ಗಿಕ, ಪರಿಸರಸ್ನೇಹಿ!

ಏಣಿ ಹತ್ತಿ ಬಂದ ಮಹೇಶ ತುಂಬ ಹೊತ್ತು ನೋಡಿದರು.

"ಇದನ್ನು ಎಲ್ಲೋ ನೋಡಿದ ಹಾಗೆ ಉಂಟಲ್ಲ?"

"ದೊಡ್ಡ ದೊಡ್ಡ ಮ್ಯಾಗಜಿನ್‌ಗಳಲ್ಲಿ ಬರ್ತದೆ."

"ನಾನು ಮ್ಯಾಗಜಿನ್ ಓದುವುದಿಲ್ಲ ಮಾರಾಯ್ತಿ" ಎಂದು ತಲೆ ಕೆರೆದುಕೊಳ್ಳುತ್ತ ಇಳಿದುಹೋದರು.

ಭಾನುವಾರ ಬೆಳಿಗ್ಗೆಯೂ ಬಣ್ಣದ ವಾಸನೆ ಹೋಗಿರಲಿಲ್ಲ. ಧೂಪ ಹಾಕಿದೆ. ಹನ್ನೊಂದಕ್ಕೆ ಐದು ನಿಮಿಷ ಇರುವಾಗ, ಹೇಳಿ ಕಳಿಸಿದ ಹಾಗೆ, ಕರೆಂಟು ಹೋಯಿತು. ಅಟ್ಟಕ್ಕೆ ಇರುವುದು ಅಂಗೈಯಷ್ಟು ಕಿಟಕಿ. ನಾನು ಧೃತಿಗೆಡಲಿಲ್ಲ. ದೇವರ ಕೋಣೆಯ ಕಾಲುದೀಪ ತಂದು, ಐದು ಬತ್ತಿ ಹಚ್ಚಿ ಉಯ್ಯಾಲೆಯ ಮುಂದಿಟ್ಟೆ. ಕೆಳಗೆ ಮಹೇಶ "ಬನ್ನಿ ಬನ್ನಿ" ಎನ್ನುವುದು ಕೇಳಿತು.

ಏಣಿಯ ಕಂಡಿಯಲ್ಲಿ ಮೊದಲು ದೂಮಣ್ಣ ಮಾವನ ಬಿಳಿ ತಲೆ ಬಂತು. ಆಮೇಲೆ ಕಣ್ಣು. ಕಣ್ಣು ನಿಂತಿತು. ತಲೆ ಸರ್ರನೆ ಕೆಳಗೆ ಹೋಯಿತು!

ಏಣಿ ನೋಡಿ ಹೆದರಿದರೋ ಏನೋ ಎಂದುಕೊಂಡೆ. ಒಂದು ನಿಮಿಷದಲ್ಲಿ ಅವರು ಮತ್ತೆ ಬಂದರು. ಈಗ ಕಾಲಲ್ಲಿ ಚಪ್ಪಲಿ ಇರಲಿಲ್ಲ, ಮೈಮೇಲೆ ಅಂಗಿ ಇರಲಿಲ್ಲ, ಹೆಗಲ ಮೇಲಿದ್ದ ಬೈರಾಸು ಸೊಂಟಕ್ಕೆ ಬಂದಿತ್ತು.

"ಸೆಕೆ ಆಗ್ತದಾ ಮಾವ? ಕರೆಂಟ್ ಈಗ ಬರ್ತದೆ" ಎಂದೆ.

ಅವರು ಸುಮ್ಮನಿರು ಎಂದು ಕೈ ಮಾಡಿದರು. ಹಿಂದೆಯೇ ಬಂದ ವನಜಕ್ಕ ಸೆರಗು ಹೊದ್ದುಕೊಂಡು ನಿಂತರು. ಮಾವ ಉಯ್ಯಾಲೆಯ ಮುಂದೆ ಕೈ ಮುಗಿದು ತುಳುವಿನಲ್ಲಿ ಬೇಡಿಕೊಳ್ಳತೊಡಗಿದರು. ಹುಡುಗಿಯ ಮದುವೆ ಸುಸೂತ್ರವಾಗಿ ಕಳೆಯಲಿ, ಕಳೆದರೆ ಒಂದು ಗೊನೆ ಸೀಯಾಳ ಒಪ್ಪಿಸುತ್ತೇನೆ.

ಆಗ ನಾನು ಮೊದಲ ಬಾರಿಗೆ ನನ್ನ ಸ್ಟುಡಿಯೋವನ್ನು ನೋಡಿದೆ! ಕೆಂಪು ಗೋಡೆ. ಸೀಳಿದ ತೆಂಗಿನ ಗರಿಯ ಸಿರಿ. ಕೆಂಪು ರೇಷ್ಮೆ, ಗಂಟೆ, ಧೂಪ, ದೀಪ, ನಡುವೆ ಯಾರೂ ಕೂರದ ಉಯ್ಯಾಲೆ. ನಮ್ಮ ಕಡೆಯ ಹಳೆಯ ಮನೆಗಳ ಚಾವಡಿಯಲ್ಲಿ ದೈವಕ್ಕೆಂದು ತೂಗಿಸುವ ಮಂಚವನ್ನು ಚಿಕ್ಕಂದಿನಿಂದ ಕಂಡವಳು ನಾನು. ಒಂದೊಂದು ತಪ್ಪನ್ನು ಮುಚ್ಚುತ್ತಾ ಮುಚ್ಚುತ್ತಾ, ಐದು ದಿನದಲ್ಲಿ ಸಾಕ್ಷಾತ್ ದೈವದ ಕೋಣೆಯನ್ನು ಕಟ್ಟಿ ನಿಲ್ಲಿಸಿದ್ದೆ. ಕಂಡಿಯಲ್ಲಿ ತಲೆ ಹಾಕಿದ್ದ ಮಹೇಶರಿಗೂ ಅದೇ ಕ್ಷಣ 'ಎಲ್ಲೋ ನೋಡಿದ್ದು' ನೆನಪಾಯಿತೆಂದು ಕಾಣುತ್ತದೆ. ಬಾಯಿ ಅಗಲವಾಗಿ ತೆರೆದಿತ್ತು.

ಸುಮ್ಮನಿದ್ದರೆ ದೈವದ ಹೆಸರಿನಲ್ಲಿ ಮೋಸ. ಹೇಳಿದರೆ ಕೆಲಸ ಹೋಯಿತು, ಅಟ್ಟವೂ ಹೋಯಿತು.

"ಯಾವ ದೈವ ಮಗಾ ಇದು?" ಮಾವ ಮೆಲ್ಲಗೆ ಕೇಳಿದರು.

"ಮಾವ... ಇದು... ಇಂಟೀರಿಯರ್."

"ಎಂತ?"

"ಅಲಂಕಾರ ಮಾವ. ದೈವ ಅಲ್ಲ. ಹೀಗೆ ಕಾಣ್ತದೆ ಅಂತ ನನಗೆ ಹೊಳೀಲೇ ಇಲ್ಲ. ತಪ್ಪಾಯ್ತು."

ಮಾವನ ಮುಖ ಗೋಡೆಯ ಬಣ್ಣಕ್ಕೆ ತಿರುಗಿತು. "ಮಂಚ ಯಾರ ಮನೇದು?"

"ನಾಯ್ಮಾರ್ಮೂಲೆ... ಗುಜರಿ ಅಂಗಡೀದು."

"ದೈವದ ಮಂಚ ಗುಜರಿಯಲ್ಲಿ! ಯಾವ ಮನೆಯವರು ಮಾರಿದ್ದು? ಜೋಯಿಸರ ಹತ್ರ ಪ್ರಶ್ನೆ ಇಡಿಸ್ಬೇಕು ಇದಕ್ಕೆ!"

ನನಗೆ ಈಗ ಕೆಲಸದ ಚಿಂತೆಯೂ ಹಾರಿ ಹೋಗಿ ಬರೀ ಹೆದರಿಕೆ ಉಳಿಯಿತು. ಈ ಹಲಗೆಯ ಮೇಲೆ ಅರ್ಧ ಕುಳಿತಿದ್ದೆನಲ್ಲ! ಅರ್ಧಕ್ಕೆ ಅರ್ಧ ಶಿಕ್ಷೆ ಎಂದೇನೂ ಇಲ್ಲವಲ್ಲ!

ಮಾವ ಭಕ್ತಿಯಿಂದ ಸೀರೆ ಸರಿಸಿದರು. ಹಲಗೆ ಮುಟ್ಟಿದರು. ಸರಪಳಿ ಮುಟ್ಟಿದರು. ಹುಬ್ಬು ಗಂಟಿಕ್ಕಿತು. ದೀಪವನ್ನು ಕೈಗೆತ್ತಿಕೊಂಡು, ಬಗ್ಗಿ, ಹಲಗೆಯ ಅಡಿಗೆ ತಲೆ ಹಾಕಿದರು. ಅಡಿಯಿಂದ ಒಂದು ಕೂಗು ಬಂತು.

"ವನಜಾ! ಇದು ತಕ್ಕಡಿ!"

"ಎಂತದ್ದು ಮಾವ?"

"ತಕ್ಕಡಿ! ಹಳೇ ಜೀನಸು ವ್ಯಾಪಾರಿಗಳ ಹತ್ರ ಇರ್ತಿತ್ತಲ್ಲ, ಗೋಣಿಚೀಲ ತೂಗುವ ದೊಡ್ಡ ತಕ್ಕಡಿ, ಅದರ ಒಂದು ಹಲಗೆ! ನೋಡು, 'ಎಡ' ಅಂತ ಕೊರೆದಿದ್ದಾರೆ. ತೂಕದ ಕಲ್ಲು ಇಡುವ ಕಡೇದು." ಅವರ ದನಿ ಒಮ್ಮೆಲೇ ಬದಲಾಯಿತು. "ಅಡಿಗೆ ಸೀಸದ ತುಂಡು ಬಡಿದಿದ್ದಾರೆ! ಕಲ್ಲಿನ ಕಡೆ ಭಾರ ಹೆಚ್ಚು ಮಾಡಿದ್ರೆ ನಮ್ಮ ಮಾಲು ಕಮ್ಮಿ ತೂಗ್ತದೆ. ಕಳ್ಳರು! ನನ್ನ ಕಾಳುಮೆಣಸು ಇಂಥಾ ಎಷ್ಟು ತಕ್ಕಡಿಯಲ್ಲಿ ಕಮ್ಮಿ ಬಂದಿದೆಯೋ!"

ಎದ್ದು ನಿಂತವರು ಹಲಗೆಗೆ ಒಂದು ಪೆಟ್ಟು ಕೊಟ್ಟರು. ನಾಲ್ಕೂ ಗಂಟೆಗಳು ಜಣಜಣ ಎಂದವು. ವನಜಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಭುಜ ಕುಣಿಯುತ್ತಿತ್ತು. ಅಬ್ಬಾ! ಒಂದು ಮೋಸದ ತಕ್ಕಡಿಯನ್ನು ಕಂಡು ಯಾರಾದರೂ ಇಷ್ಟು ಸಂತೋಷಪಟ್ಟದ್ದುಂಟೇ!

ಅಂಗಿ ಹಾಕಿಕೊಳ್ಳುತ್ತಾ ಮಾವ ನನ್ನನ್ನು ನೋಡಿದರು.

"ಎಪ್ಪತ್ತಾರು ವರ್ಷ ಆಯ್ತು ನನಗೆ. ಎಷ್ಟು ಚಾವಡಿಗೆ ಹೋದವ ನಾನು, ನನ್ನ ಕೈಯಲ್ಲೇ ತಕ್ಕಡಿಗೆ ಕೈ ಮುಗಿಸಿದೆಯಲ್ಲಾ! ಮಂಟಪ ನೀನೇ ಮಾಡು ಮಗಾ. ಆದರೆ ಮಾಡುವಾಗ ಇದು ಮದುವೆ ಅಂತ ನೆನಪಿರಲಿ."

ಹೂಂ ಬಂತು! ಏಣಿಯ ಕಂಡಿಯಲ್ಲಿದ್ದ ಮಹೇಶ ಮೆಲ್ಲನೆ ಕೆಳಗಿಳಿದರು. ಟ್ಯೂಷನ್ನಿನ ಮಾತು ಆಮೇಲೆ ಅವರ ಬಾಯಿಂದ ಬರಲಿಲ್ಲ.

ಇಳಿಯುವ ಮುನ್ನ ಮಾವ ಏಣಿಯ ಮೇಲೆ ನಿಂತರು. "ಅಲ್ಲ ವನಜಾ, ನಾನು ಹರಕೆ ಹೇಳಿ ಆಯ್ತಲ್ಲ. ಈಗ ಎಂತ ಮಾಡುವುದು?"

ವನಜಕ್ಕ ಮತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಮದುವೆ ಚೆನ್ನಾಗಿ ಕಳೆಯಿತು. ಮಂಟಪಕ್ಕೆ ನಾನು ಹಳದಿ, ಬಿಳಿ ಬಿಟ್ಟು ಬೇರೆ ಬಣ್ಣ ತೋರಿಸಲಿಲ್ಲ. ಮರುವಾರ ನೆಕ್ರಾಜೆಯಿಂದ ರಿಕ್ಷಾದಲ್ಲಿ ಒಂದು ಗೊನೆ ಸೀಯಾಳ ಬಂದಿಳಿಯಿತು. 'ಹೇಳಿದ್ದು ಹೇಳಿದ್ದೇ. ನೀವೇ ಕುಡಿಯಿರಿ' ಎಂದು ಮಾವ ಹೇಳಿ ಕಳಿಸಿದ್ದರು. ನಾವಿಬ್ಬರೂ ಅಟ್ಟದಲ್ಲಿ ಕುಳಿತು ಕುಡಿದೆವು.

ಗೋಡೆ ಈಗ ಬಿಳಿ. ಬಳಿದದ್ದು ಮಹೇಶ. ನನ್ನ ಕೈಗೆ ಬ್ರಷ್ ಕೊಡಲಿಲ್ಲ. ಹಲಗೆಯ ಮೇಲೆ ಕಾಗದದ ಕಟ್ಟುಗಳಿವೆ, ಅಡಿಯಲ್ಲಿ ಸೀಸ ಹಾಗೆಯೇ ಇದೆ. ಅದು ತಕ್ಕಡಿ, ಬರೀ ತಕ್ಕಡಿ ಎಂದು ಬರುವ ಗಿರಾಕಿಗಳಿಗೆಲ್ಲ ನಗುನಗುತ್ತಾ ಹೇಳುತ್ತೇನೆ. ಆದರೂ ಹತ್ತುವ ಮೊದಲು ನನ್ನ ಚಪ್ಪಲಿಯನ್ನು ಏಣಿಯ ಬುಡದಲ್ಲೇ ಬಿಡುತ್ತೇನೆ.