ಟಾಲಿಗಂಜಿನ ರಾಮೆನ್‌ಗೆ ನಾನು ಅನ್ನ ಕಲಸಿದ್ದು

ನಾನು ಬಟ್ಟಲಿಗೆ ಬಾಯಿ ಹಚ್ಚಿದೆನೆಂದರೆ ಆ ಕೇರಿಯಲ್ಲಿ ಏನಾದರೊಂದು ಆಗದೆ ಇರುವುದಿಲ್ಲ. ಕುಂದಾಪುರದಿಂದ ಬಂದು ಕಲ್ಕತ್ತೆಯ ಬ್ಯಾಂಕ್ ಕ್ಯಾಂಟೀನಿನಲ್ಲಿ ಸಾರು ಕುದಿಸುತ್ತಲೇ ಮೀಸೆ ಬೆಳ್ಳಗಾದವ ನಾನು. ಶಾಲೆಯ ಮುಖ ಕಂಡವನಲ್ಲ. ನಾಲಗೆ ಮಾತ್ರ ಎಲ್ಲ ಪರೀಕ್ಷೆಯಲ್ಲೂ ಫಸ್ಟ್ ಕ್ಲಾಸು.

ಕಾಲೇಜು ಓದುವ ಮೊಮ್ಮಗಳಿಗೆ ಒಂದು ಹುಚ್ಚು. ಯಾರಿಗೂ ಗೊತ್ತಿಲ್ಲದ ರಾಮೆನ್ ಅಂಗಡಿ ಹುಡುಕಿ, ಉಂಡು, ಹೇಗಿದೆಯೆಂದು ಫೋನಿನಲ್ಲಿ ವಿಡಿಯೋ ಹಾಕುವುದು. ರಾಮೆನ್ ಎಂದರೆ ಜಪಾನಿನವರ ಸಾರು, ಒಳಗೆ ಉದ್ದುದ್ದ ಶಾವಿಗೆ. ಟಾಲಿಗಂಜಿನ ಗಲ್ಲಿಯಲ್ಲಿ ಬಂಗಾಳಿ ದೀದಿಯೊಬ್ಬಳ ಅಂಗಡಿ ಅವಳಿಗೆ ಜೀವ. ಗಿರಾಕಿಯಿಲ್ಲದೆ ಅದು ದುರ್ಗಾಪೂಜೆಯ ಹಬ್ಬದೊಳಗೆ ಮುಚ್ಚುವುದರಲ್ಲಿತ್ತು. ಹೇಗಾದರೂ ಉಳಿಸುತ್ತೇನೆಂದು ಹುಡುಗಿಯ ಹಟ. ಆದರೆ ಅವಳ ವಿಡಿಯೋ ನೋಡುತ್ತಿದ್ದವರು ಅವಳಮ್ಮ ಒಬ್ಬಳೇ. ಹಾಗಾಗಿ ಮೊದಲು ಬೇರೆ ಅಂಗಡಿಗಳಲ್ಲಿ ಉಂಡು ನೋಡುಗರನ್ನು ಕೂಡಿಸೋಣವೆಂದು ನಾನೇ ಕಣಕ್ಕಿಳಿದೆ.

ಮೊದಲ ಸೊರ್ರ್

ಪಾರ್ಕ್ ಸ್ಟ್ರೀಟಿನ ಹಿಂದಿನ ಸಂದಿಯಲ್ಲಿ, ಮಹಡಿ ಮೇಲೊಂದು ಅಂಗಡಿ. ಎಲ್ಲರೂ ಕಡ್ಡಿ ಹಿಡಿದು, ಆಸ್ಪತ್ರೆಯಲ್ಲಿದ್ದ ಹಾಗೆ ಸದ್ದಿಲ್ಲದೆ ಉಣ್ಣುತ್ತಿದ್ದರು. ನಮ್ಮ ಕಡೆ ಪಂಕ್ತಿಯಲ್ಲಿ ಸಾರನ್ನು ಸೊರ್ರೆಂದು ಎಳೆಯದಿದ್ದರೆ ಅಡುಗೆಯವನಿಗೆ ಅವಮಾನ. ನಾನು ಎಳೆದೆ. ಕೆಳಗೆ ಹಳದಿ ಟ್ಯಾಕ್ಸಿಯೊಂದು ಬ್ರೇಕ್ ಹಾಕಿತು.

"ಅಜ್ಜ, ಸೌಂಡ್ ಮಾಡ್ಬೇಡಿ, ಎಲ್ರೂ ನೋಡ್ತಿದಾರೆ" ಎಂದಳು ಮೊಮ್ಮಗಳು.

ನೋಡಿದವರಲ್ಲಿ ಒಬ್ಬ ಜಪಾನಿ ಯಜಮಾನರೂ ಇದ್ದರು. ಎದ್ದು ಬಂದು ನನಗೆ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದರು. ಅವರ ಊರಲ್ಲೂ ಹೀಗೆಯೇ ಎಳೆಯುವುದಂತೆ. ಇಲ್ಲಿ ನಾಚಿಕೆಗೆ ಸದ್ದಿಲ್ಲದೆ ಉಂಡು ಉಂಡು ಅಜೀರ್ಣವಾಗಿತ್ತಂತೆ. ಆಮೇಲೆ ನಮ್ಮಿಬ್ಬರದೂ ಜುಗಲಬಂದಿ. ಆ ವಿಡಿಯೋ ನೋಡಿದವರನ್ನು ಸಾಲಾಗಿ ನಿಲ್ಲಿಸಲು ಹೌರಾ ಸೇತುವೆ ಸಾಲದು ಮಾರಾಯ್ರೆ.

ಸಾರು ಬರಲಿ

ಸೆಕ್ಟರ್ ಫೈವಿನಲ್ಲಿ ಆಫೀಸುಗಳ ಹಿಂದೆ ಒಂದು ರಾಮೆನ್ ಗಾಡಿ, ಒಂದು ಉದ್ದ ಬೆಂಚು. ಬಟ್ಟಲು ಖಾಲಿಯಾಯಿತು. ನಾನು ಪಂಕ್ತಿಯಲ್ಲಿ ಕೂಗುವ ಹಾಗೆಯೇ "ಸಾರು ಬರಲಿ" ಎಂದೆ. ಎರಡನೇ ಸಲ ಬಡಿಸುವ ಪದ್ಧತಿ ಇಲ್ಲವೆಂದ ಗಾಡಿಯವ. ಬಡಿಸುವವ ಬಾರದೆ ಉಣ್ಣುವವ ಏಳುವ ಪದ್ಧತಿ ನಮ್ಮಲ್ಲಿಲ್ಲವೆಂದು ನಾನೂ ಕೂತೆ. ಬೆಂಚಿನಲ್ಲಿದ್ದ ಹುಡುಗರೂ ಕೂತರು. ಕೊನೆಗೆ ಅವನು ಸೌಟು ಹಿಡಿದು ಸಾಲಿಗೆ ಸುತ್ತು ಬಂದ.

ವಾರ ಕಳೆದು ಮೊಮ್ಮಗಳಿಗೆ ಅವನ ಫೋನು. ಈಗ ಯಾರೂ ಎರಡನೇ ಸಾರಿಲ್ಲದೆ ಏಳುತ್ತಿಲ್ಲ, ಆ ಮೀಸೆಯ ದಾದು, ಎಂದರೆ ಅಜ್ಜ, ಎಲ್ಲಿ ಸಿಗುತ್ತಾರೆ, ಸ್ವಲ್ಪ ಮಾತಾಡಬೇಕು ಎಂದನಂತೆ. ಅಜ್ಜ ಊರಿಗೆ ಹೋದರೆಂದು ಇವಳು ಫೋನಿಟ್ಟಳು.

ಜಪಾನಿನ ಗುರು

ಕಡೆಗೆ ಟಾಲಿಗಂಜಿಗೆ ಹೋದೆವು. ದೀದಿ ಆಗಲೇ ಬೋರ್ಡು ಇಳಿಸಿ ಗೋಡೆಗೆ ಒರಗಿಸಿದ್ದಳು. ನಾವಿಬ್ಬರೇ ಗಿರಾಕಿಗಳು. ಸಾರೋ, ಅಮೃತ. ಶಾವಿಗೆ ಮುಗಿಯಿತು, ತಳದಲ್ಲಿ ಸಾರು ಉಳಿಯಿತು. ಸಾರಿದ್ದೂ ಅನ್ನವಿಲ್ಲದೆ ಏಳುವುದುಂಟೇ? ಅನ್ನ ಕೇಳಿದೆ. ಅಂಗಡಿಯಲ್ಲಿ ಅನ್ನವಿರಲಿಲ್ಲ, ದೀದಿ ತನ್ನ ಊಟದ ಡಬ್ಬಿಯನ್ನೇ ತಂದಿಟ್ಟಳು. ಐದೂ ಬೆರಳು ಹಾಕಿ ಕಲಸಿ ಉಂಡೆ. ನನ್ನ ಮುಖ ನೋಡಿ ಅವಳೂ ಉಳಿದ ಅನ್ನಕ್ಕೆ ಸಾರು ಹೊಯ್ದುಕೊಂಡಳು. ಒಂದು ತುತ್ತು ಉಂಡಳು, ಎರಡು ಉಂಡಳು, ಕಣ್ಣೊರೆಸಿಕೊಂಡಳು.

"ದಾದು, ನಾಳೆಯಿಂದ ಅನ್ನ ಇಡ್ತೀನಿ. ಬೋರ್ಡು ಎತ್ತಿ ಕೊಡಿ" ಎಂದಳು.

ಎತ್ತಿ ಕೊಟ್ಟೆ. ಮೊಮ್ಮಗಳ ವಿಡಿಯೋ ಊರೆಲ್ಲ ಸುತ್ತಿತು. ಪೂಜೆಯ ಹೊತ್ತಿಗೆ ಅಂಗಡಿ ಮುಂದಿನ ಸಾಲು ಮೆಟ್ರೋ ಮೆಟ್ಟಿಲು ಮುಟ್ಟಿತ್ತು.

ಗಾಡಿಯವನ ಕಣ್ಣಿಗೆ ಬೀಳಬಾರದೆಂದು ಮೊಮ್ಮಗಳು ನನ್ನ ಮೀಸೆ ತೆಗೆಸಿದ್ದಳು. ಹಾಗೇ ಒಂದು ದಿನ ದೀದಿಯ ಅಂಗಡಿಗೆ ಹೋಗಿ ಕೂತು, ಬಿಸಿ ಆರಲೆಂದು ಅನ್ನದಲ್ಲಿ ಚಮಚ ಆಡಿಸುತ್ತಿದ್ದೆ. ಪಕ್ಕದ ತರುಣನಿಗೆ ನೋಡಲಾಗಲಿಲ್ಲ.

"ಹಾಗಲ್ಲ ದಾದು, ಕೈ ಹಾಕಬೇಕು. ಜಪಾನಿನಿಂದ ನೂರು ವರ್ಷದ ಗುರುವೊಬ್ಬರು ಬಂದು ಕಲಿಸಿ ಹೋಗಿದ್ದಾರೆ."

ಒಲೆಯ ಹತ್ತಿರ ದೀದಿ ಬಾಯಿಗೆ ಸೆರಗು ಒತ್ತಿಕೊಂಡಳು. ಗುರುಗಳು ನೋಡಲು ಹೇಗಿದ್ದರಪ್ಪಾ ಎಂದು ಕೇಳಿದೆ.

"ಭಾರಿ ತೇಜಸ್ಸಂತೆ. ಅಂಥ ಮೀಸೆ ಇಡೀ ಜಪಾನಿನಲ್ಲಿ ಇನ್ನೊಂದಿಲ್ಲವಂತೆ."

"ಅದು ನಿಜ. ಆದರೆ ನೂರಲ್ಲ, ನೂರಿಪ್ಪತ್ತು ವರ್ಷ" ಎಂದು ತಿದ್ದಿ, ಐದೂ ಬೆರಳು ಹಾಕಿ, ಟಾಲಿಗಂಜ್ ನಡುಗುವ ಹಾಗೆ ಸೊರ್ರೆಂದೆ.