ಹೈಟಿ ಭಾವನ ಹಪ್ಪಳ

ನಮ್ಮ ಇಡೀ ಕುಟುಂಬದಲ್ಲಿ ಇಂಗ್ಲಿಷ್ ಬೆರೆಸದೆ ಕನ್ನಡ ಮಾತಾಡುವವರು ಒಬ್ಬರೇ, ನನ್ನ ಭಾವ. ಅವರು ಹೈಟಿಯವರು.

ತಮಾಷೆಯಲ್ಲ, ನಿಜ. ಕೆರಿಬಿಯನ್ ಸಮುದ್ರದ ಆ ದೇಶದಿಂದ ಓದಲು ಹ್ಯೂಸ್ಟನ್ನಿಗೆ ಬಂದವರು, ಇಲ್ಲೇ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರಾದರು. ಅಕ್ಕನನ್ನು ಮದುವೆಯಾಗಿ ಹ್ಯೂಸ್ಟನ್ನಿಗೆ ಅಂಟಿಕೊಂಡಿರುವ ಮಿಸೌರಿ ಸಿಟಿಯಲ್ಲಿ ಮನೆ ಮಾಡಿದರು. ಅಕ್ಕನ ಬಾಣಂತನಕ್ಕೆ ಮೈಸೂರಿನಿಂದ ಬಂದ ಅಮ್ಮನ ಹಿಂದೆ ಅಡುಗೆಮನೆಯಲ್ಲಿ ನಿಂತು ನಿಂತೇ ಕನ್ನಡ ಕಲಿತುಬಿಟ್ಟರು. ಅಮ್ಮ ಅವರನ್ನು ಬಹುವಚನದಲ್ಲೇ ಮಾತಾಡಿಸುತ್ತಾಳಲ್ಲ, ಹಾಗಾಗಿ ಭಾವನ ಕನ್ನಡದಲ್ಲಿ ಏಕವಚನವೇ ಇಲ್ಲ. "ಸ್ವಲ್ಪ ಆಚೆ ಸರಿಯಿರಿ, ನೆಲ ಒರೆಸಬೇಕು" ಎಂದು ಅವರು ಕೇಳಿಕೊಳ್ಳುವುದು ಮನೆಯ ನಾಯಿಯನ್ನು. ಒಮ್ಮೆ ಆಸ್ಟಿನ್ನಿನಲ್ಲಿ ಯುಗಾದಿ ಕಾರ್ಯಕ್ರಮಕ್ಕೆ ಹೋಗಿದ್ದೆವು. "ಪ್ರೋಗ್ರಾಂ ಲೇಟಾಗಿ ಸ್ಟಾರ್ಟ್ ಆಗ್ತಿದೆ, ಸಾರಿ" ಎಂದು ಒಬ್ಬ ಅಂಕಲ್ ಎಲ್ಲರ ಕ್ಷಮೆ ಕೇಳುತ್ತಿದ್ದರು. ಭಾವ ಅವರ ಹಿಂದೆ ನಿಂತು, "ಪರವಾಗಿಲ್ಲ, ಊಟಕ್ಕೆ ಎಲೆ ಹಾಕೋದು ಎಷ್ಟು ಹೊತ್ತಿಗೆ?" ಅಂದರು. ಅಂಕಲ್ ತಿರುಗಿ ನೋಡಿದರು. ಆಮೇಲೆ ಭಾವನ ಬೆನ್ನ ಹಿಂದೆ ಯಾರಿದ್ದಾರೆ ಎಂದು ಬಗ್ಗಿ ನೋಡಿದರು.

ಈ ಮದುವೆಗೆ ಅಪ್ಪ ಒಪ್ಪಿದ್ದು ಇನ್ನೊಂದು ಕಥೆ. ಅಪ್ಪ ಮಂಡ್ಯದ ಕಡೆಯವರು. ಹುಡುಗನನ್ನು ನೋಡುವ ಮೊದಲೇ "ಆಗೋದಿಲ್ಲ" ಎಂದು ತೀರ್ಮಾನಿಸಿ ಕೂತಿದ್ದರು. ಭಾವ ಮೊದಲ ಸಲ ಮೈಸೂರಿಗೆ ಬಂದಾಗ ಬೇಕೆಂದೇ ರಾಗಿ ಮುದ್ದೆ, ಬಸ್ಸಾರು ಮಾಡಿಸಿದರು. ಫೋರ್ಕ್ ಕೇಳುತ್ತಾನೆ, ನಕ್ಕು ಕಳಿಸಿಬಿಡೋಣ ಎಂಬ ಲೆಕ್ಕ. ಭಾವ ಮುದ್ದೆ ಮುರಿದರು, ಉಂಡೆ ಮಾಡಿದರು, ಸಾರಿನಲ್ಲಿ ಅದ್ದಿ ಗುಳುಂ ಎಂದು ನುಂಗಿದರು. ಒಂದು ಸಲವೂ ಅಗಿಯಲಿಲ್ಲ! ಹೈಟಿಯಲ್ಲಿ ಅವರ ಊರಿನ ಕಡೆಯೂ ಇಂಥದ್ದೇ ಮುದ್ದೆ ಇದೆಯಂತೆ. ರಾಗಿಯದ್ದಲ್ಲ, ಬೇಯಿಸಿ ಕುಟ್ಟಿದ ಜೀಗುಜ್ಜೆಯದ್ದು, ಹಲಸಿನ ಜಾತಿಯ ಕಾಯಿ ಅದು. ಬೆಂಡೆಕಾಯಿ ಸಾರಿನಲ್ಲಿ ಅದ್ದಿ ನುಂಗುತ್ತಾರೆ. "ಅಗಿದರೆ ನಮ್ಮಜ್ಜಿ ಬೈಯುತ್ತಾರೆ" ಎಂದು ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅಕ್ಕ ಕನ್ನಡದಲ್ಲಿ ಹೇಳಿದಳು. ಅಪ್ಪ ಇನ್ನೊಂದು ಮುದ್ದೆ ತರಿಸಿ ಹಾಕಿ, "ಪುರೋಹಿತರನ್ನ ಯಾವಾಗ ಕೇಳೋಣ?" ಅಂದರು.

ಭಾವನ ನಿಜವಾದ ಹುಚ್ಚು ಇದ್ಯಾವುದೂ ಅಲ್ಲ. ಅವರ ಹುಚ್ಚು ಅವರ ಊರು. ಹೈಟಿಯ ದಕ್ಷಿಣದ ತುದಿಯಲ್ಲಿರುವ ಆ ಊರಿನಲ್ಲಿ ಹಿತ್ತಲು ಹಿತ್ತಲಿಗೂ ಜೀಗುಜ್ಜೆ ಮರ. ಮೊದಲೆಲ್ಲ ಲಾರಿಗಟ್ಟಲೆ ರಾಜಧಾನಿಗೆ ಹೋಗುತ್ತಿತ್ತಂತೆ. ಈಗ ರಾಜಧಾನಿಯ ದಾರಿಯನ್ನು ಬಂದೂಕು ಹಿಡಿದ ಗುಂಪುಗಳು ಕಟ್ಟಿಹಾಕಿವೆ. ಕಾಯಿ ಮರದ ಬುಡದಲ್ಲೇ ಬಿದ್ದು ಕೊಳೆಯುತ್ತದೆ. ಭಾವನಿಗೂ ವರ್ಷಗಳಿಂದ ಊರಿಗೆ ಹೋಗಲು ಆಗಿಲ್ಲ. ಅವರ ಅಕ್ಕ ಅಲ್ಲೇ ಇದ್ದಾರೆ.

ಸುದ್ದಿ ಕೇಳಿದ ನಮ್ಮ ಜನ ಸುಮ್ಮನಿರುತ್ತಾರೆಯೇ? ದೇವಸ್ಥಾನದ ಪರಿಚಯದವರು ಹಳೆ ಬಟ್ಟೆಯ ಚೀಲಗಳನ್ನು ಭಾವನ ಮನೆಗೆ ತಂದು ಹಾಕಿದರು. ಭಾವ ಒಬ್ಬೊಬ್ಬರ ಮನೆಗೂ ಹೋಗಿ ನಮಸ್ಕಾರ ಮಾಡಿ ವಾಪಸು ಕೊಟ್ಟು ಬಂದರು. ಒಬ್ಬ ಆಂಟಿಗೆ ಸಿಟ್ಟು ಬಂತು.

"ಎಲ್ಲಾ ಒಗೆದು ಇಸ್ತ್ರಿ ಮಾಡಿದ್ದು ಕಣ್ರೀ."

"ಅದೇ ತೊಂದರೆ ಆಂಟಿ. ನಮ್ಮೂರಲ್ಲಿ ದರ್ಜಿ ಇದ್ದಾರೆ. ಇಷ್ಟು ಚೆನ್ನಾಗಿರೋ ಪ್ಯಾಂಟು ಪುಕ್ಕಟೆ ಬಂದರೆ ಅವರ ಹತ್ತಿರ ಹೊಲಿಸೋರು ಯಾರು?"

"ಮತ್ತೆ ಏನು ಕೊಡಲಿ?"

"ನಿಮ್ಮಮ್ಮ ಬೇಸಿಗೆಯಲ್ಲಿ ಏನೇನು ಒಣಗಿಸಿ ಇಡ್ತಿದ್ದರು, ಅದು ಹೇಳಿ."

ಅಂದಿನಿಂದ ಇದೇ ಪ್ರಶ್ನೆ. ಕಂಡವರನ್ನೆಲ್ಲ ಕೇಳುವುದು. ನನ್ನನ್ನು ನೋಡಲು ಹ್ಯೂಸ್ಟನ್ನಿನಿಂದ ನಾಲ್ಕು ಗಂಟೆ ದಾರಿಯ ಇರ್ವಿಂಗಿಗೆ ಬಂದಾಗ ಇಂಡಿಯನ್ ಅಂಗಡಿಯಲ್ಲಿ ಹಪ್ಪಳದ ಸಾಲಿನ ಮುಂದೆ ನಿಂತವರು ಅಲುಗಾಡಲಿಲ್ಲ. ಒಂದೊಂದು ಪ್ಯಾಕೆಟನ್ನೂ ತಿರುಗಿಸಿ ಓದಿದರು. ಅಂಗಡಿಯವರು ಇವರನ್ನು ಆಹಾರ ಇಲಾಖೆಯವರೆಂದು ತಿಳಿದು ಟೀ ತಂದುಕೊಟ್ಟರು!

ಕಳೆದ ಬೇಸಿಗೆಯಲ್ಲಿ ಅಮ್ಮ ಮತ್ತೆ ಬಂದಿದ್ದಳು. ಭಾವ ಎಲ್ಲಿಂದಲೋ ಎರಡು ಹಸಿರು ಕಾಯಿ ತಂದು ಅವಳ ಮುಂದಿಟ್ಟರು. ಅಮ್ಮನ ತವರು ಕುಂದಾಪುರ. ಮುಟ್ಟಿ ನೋಡಿ, "ಇದು ನಮ್ಮ ಜೀಗುಜ್ಜೆ ಅಲ್ವಾ?" ಅಂದಳು.

"ಹೌದು ಅತ್ತೆ. ಇದರಲ್ಲಿ ಹಪ್ಪಳ ಆಗುತ್ತಾ?"

"ಹಲಸಿನಕಾಯಲ್ಲಿ ಆಗೋದು ಇದರಲ್ಲಿ ಯಾಕೆ ಆಗಲ್ಲ?"

ಶುರುವಾಯಿತು ನೋಡಿ. ಬೇಯಿಸಿದರು, ಕುಟ್ಟಿದರು, ಉಪ್ಪು ಖಾರ ಜೀರಿಗೆ ಸೇರಿಸಿ ಒತ್ತಿದರು. ಮನೆ ಮುಂದೆ ಕಾರು ನಿಲ್ಲಿಸುವ ಜಾಗದಲ್ಲಿ ಪಂಚೆ ಹಾಸಿ ಒಣಗಿಸಿದರು. ಕಪ್ಪು ಹಕ್ಕಿಗಳನ್ನು ಓಡಿಸಲು ಗಣಿತದ ಮೇಷ್ಟರು ಕೊಡೆ ಹಿಡಿದು ಕಾವಲು ಕೂತರು. ಹ್ಯೂಸ್ಟನ್ನಿನ ಬಿಸಿಲು ಗೊತ್ತಲ್ಲ, ಬಿಸಿಲಿಗಿಂತ ಬೆವರೇ ಹೆಚ್ಚು. ಹಪ್ಪಳಕ್ಕೆ ಬೂಷ್ಟು ಹಿಡಿಯಿತು. ಮತ್ತೆ ಮಾಡಿದರು, ಮತ್ತೆ ಬೂಷ್ಟು. ನಾನು ಬುದ್ಧಿವಂತಿಕೆ ತೋರಿಸಿದೆ: "ನಮ್ಮ ಕಡೆ ಒಣ ಬಿಸಿಲು, ಇಲ್ಲಿಗೆ ತನ್ನಿ." ತಂದರು. ಅಮ್ಮನೂ ಜೊತೆಗೆ ಬಂದಳು. ನಮ್ಮ ಇರ್ವಿಂಗಿನ ಬಾಲ್ಕನಿಯಲ್ಲಿ ಗರಿಗರಿಯಾಗಿ ಒಣಗಿತು. ನಾನು ಕರಿದು ತಟ್ಟೆಗೆ ಹಾಕಿ ಬೀಗಿದರೆ ಭಾವ ಮಾತ್ರ ಸಪ್ಪಗೆ ಕೂತಿದ್ದರು.

"ಚೆನ್ನಾಗಿಲ್ವಾ ಭಾವ?"

"ತುಂಬಾ ಚೆನ್ನಾಗಿದೆ. ಆದರೆ ನಮ್ಮೂರಿನ ಹವೆ ಇರ್ವಿಂಗಿನ ಹಾಗಿಲ್ಲ, ಹ್ಯೂಸ್ಟನ್ನಿನ ಹಾಗಿದೆ. ಅಲ್ಲಿ ಒಣಗದ ಹಪ್ಪಳ ಕಲಿಸಿ ಏನು ಮಾಡಲಿ?"

ಒಂದು ಹಪ್ಪಳ ಸರಿಯಾದರೆ ಸಾಕು ಎಂದು ನಾವಿದ್ದೆವು. ಅವರು ಸಮುದ್ರದಾಚೆಯ ಹಿತ್ತಲಿನಲ್ಲೇ ನಿಂತು ಯೋಚಿಸುತ್ತಿದ್ದರು. ಅವತ್ತೇ ಅಮ್ಮನನ್ನು ಕೂರಿಸಿಕೊಂಡು ವಾಪಸು ಡ್ರೈವ್ ಮಾಡಿದರು. ಹಿಟ್ಟಿನ ನೀರು ಕಮ್ಮಿ ಮಾಡಿದರು, ಇನ್ನೂ ತೆಳ್ಳಗೆ ಒತ್ತಿದರು, ನೆಲ ಬಿಟ್ಟು ಕಾದ ತಗಡಿನ ಮೇಲೆ ಹಾಕಿ ಘಳಿಗೆಗೊಮ್ಮೆ ಮಗುಚಿದರು. ಇಡೀ ರಜೆ ಅದರಲ್ಲೇ ಕಳೆಯಿತು. ಕೊನೆಗೆ ಹ್ಯೂಸ್ಟನ್ನಿನ ಹಬೆಯಲ್ಲೇ ಹಪ್ಪಳ ಸದ್ದು ಮಾಡುತ್ತಾ ಮುರಿಯಿತು.

ಆಮೇಲೆ ನಡೆದದ್ದು ಫೋನಿನಲ್ಲಿ ಪಾಠ. ಆ ಕಡೆ ಭಾವನ ಅಕ್ಕ ಚರ್ಚಿನ ಅಂಗಳದಲ್ಲಿ ಹೆಂಗಸರನ್ನು ಸೇರಿಸಿಕೊಂಡು ಕೂತಿದ್ದರು. ಈ ಕಡೆ ಅಮ್ಮ ಸೆರಗು ಸಿಕ್ಕಿಸಿಕೊಂಡು ಒತ್ತಿ ತೋರಿಸುತ್ತಿದ್ದಳು. ನಡುವೆ ಭಾವ. ಅಮ್ಮ "ಹಿಟ್ಟು ಕಿವಿಯ ಹಾಲೆಯಷ್ಟು ಮೆತ್ತಗಿರಬೇಕು" ಎಂದರೆ ಅದನ್ನು ಅವರ ಕ್ರಿಯೋಲ್ ಭಾಷೆಗೆ ತಿರುಗಿಸುವರು, ಅಲ್ಲಿ ಅಷ್ಟೂ ಹೆಂಗಸರು ತಮ್ಮ ತಮ್ಮ ಕಿವಿ ಹಿಡಿದು ನೋಡಿಕೊಳ್ಳುವರು! ಒಬ್ಬಾಕೆ ಏನೋ ಕೇಳಿದರು. ಭಾವ ಹಿಂಜರಿಯುತ್ತಾ, "ಅತ್ತೆ, ಅಲ್ಲಿ ಜೀರಿಗೆ ಸಿಗೋದು ಕಷ್ಟವಂತೆ. ಅವರ ಕೆಂಪು ಮೆಣಸು, ಬೆಳ್ಳುಳ್ಳಿ ಹಾಕಬಹುದಾ?" ಅಂದರು. ಅಮ್ಮ ಕೈಯಲ್ಲಿದ್ದ ಹಿಟ್ಟಿನ ಉಂಡೆಯನ್ನು ಕೆಳಗಿಟ್ಟಳು. ಅಡುಗೆಯಲ್ಲಿ ಅವಳು ಯಾರ ಮಾತನ್ನೂ ಕೇಳಿದ್ದಿಲ್ಲ. "ಹಾಕಲಿ. ಅವರ ಮನೆ ಹಪ್ಪಳ, ಅವರ ನಾಲಿಗೆಗೆ ಹಿಡಿಸಬೇಕು" ಅಂದಳು.

ಈಗ ಆ ಹೆಂಗಸರು ತಮ್ಮೂರಿನ ಸಂತೆಯಲ್ಲಿ, ಶಾಲೆಗಳ ಹತ್ತಿರ ಹಪ್ಪಳ ಮಾರುತ್ತಾರೆ. ದಾರಿ ಕಟ್ಟಿದ್ದರೂ ಕಾಯಿ ಕೊಳೆಯಲು ಬಿಡುವುದಿಲ್ಲ. ಊರೇ ಉದ್ಧಾರವಾಯಿತೆಂದು ನಾನು ಹೇಳುವುದಿಲ್ಲ, ಭಾವನೂ ಹೇಳುವುದಿಲ್ಲ. "ಕೆಲವರ ಮನೆಯಲ್ಲಿ ಮಕ್ಕಳು ಮತ್ತೆ ಶಾಲೆಗೆ ಹೋಗ್ತಿದ್ದಾರೆ, ಅಷ್ಟೇ" ಅನ್ನುತ್ತಾರೆ.

ಅಮ್ಮ ಮೈಸೂರಿಗೆ ಹೊರಡುವ ಹಿಂದಿನ ವಾರ ಒಂದು ಪೊಟ್ಟಣ ಬಂತು. ಭಾವನ ಅಕ್ಕ ಕಳಿಸಿದ್ದು, ಯಾರ್‍ಯಾರದೋ ಕೈ ದಾಟಿ, ಒಳಗಿನ ಹಪ್ಪಳದ ಅಂಚೆಲ್ಲ ಮುರಿದು ಬಂದಿತ್ತು. ನಾನೂ ಅವತ್ತು ಅಲ್ಲೇ ಇದ್ದೆ. ಅಮ್ಮ ಸಂಭ್ರಮದಿಂದ ಬಾಣಲೆಗೆ ಎಣ್ಣೆ ಸುರಿದು ಒಲೆ ಹಚ್ಚಿದಳು. ಭಾವ ಒಂದು ಹಸಿ ಹಪ್ಪಳ ತೆಗೆದು ಮೂಗಿನ ಹತ್ತಿರ ಹಿಡಿದರು. ಹಿಡಿದವರು ಹಾಗೇ ನಿಂತರು.

"ಯಾಕೆ, ಹಾಳಾಗಿದೆಯಾ?" ಎಂದು ಅಮ್ಮ ಕೇಳಿದಳು.

"ಇಲ್ಲ ಅತ್ತೆ. ಮಳೆ ಬಂದಿರಬೇಕು, ಅಕ್ಕ ಒಳಗೆ ಒಲೆಯ ಮೇಲೆ ಕಟ್ಟಿ ಒಣಗಿಸಿದ್ದಾರೆ. ನಮ್ಮನೆ ಹೊಗೆ ವಾಸನೆ ಇದೆ."

ಮುಂದೆ ಏನೋ ಹೇಳಹೊರಟರು. ಕನ್ನಡ ಬರಲಿಲ್ಲ, ಬೇರೆ ಯಾವ ಭಾಷೆಯೂ ಬರಲಿಲ್ಲ.

ಅಮ್ಮ ಒಲೆ ಆರಿಸಿದಳು. ಪೊಟ್ಟಣವನ್ನು ಮೊದಲಿನ ಹಾಗೇ ಸುತ್ತಿ ಅವರ ಕೈಯಲ್ಲಿಟ್ಟು, ಮೊಟ್ಟಮೊದಲ ಸಲ ಅಳಿಯನಿಗೆ ಏಕವಚನದಲ್ಲಿ ಹೇಳಿದಳು: "ಇದನ್ನ ಕರಿಯೋದು ಬೇಡ ಕಣೋ ಮಗನೇ, ಹಾಗೇ ಇಟ್ಕೋ."